ನಿಮಗಿದು ಗೊತ್ತೇ? ಕುರುಚಲು ಕಾಡಿನ ಯುದ್ಧ, ಊಟದ ಮೇಜಿನ ಮೇಲೆ

ಪುಟಾಣಿ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ ಆಡುವ ಯುದ್ಧದಾಟ ಹುಡುಗರಿಗಾಗಿ ಹುಟ್ಟಿದ್ದಲ್ಲ. ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಸ್ ತನ್ನ ತಂದೆ ಕಟ್ಟಿದ್ದ ಆಟವನ್ನು ತಿದ್ದಿ 1824ರಲ್ಲಿ ಮುಂದಿಟ್ಟಾಗ ಅದು ಅಧಿಕಾರಿಗಳ ತರಬೇತಿಗೇ ಬಳಕೆಯಾಯಿತು. ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು ಅದನ್ನು ಮನೆಯ ನೆಲಕ್ಕೆ ಇಳಿಸಿದರು.

ಈ ಆಟದಲ್ಲಿ ಮೂಲ ನಿಯಮಗಳ ಪುಸ್ತಕ ಒಂದಾದರೆ, ಒಂದೊಂದು ಯುದ್ಧಕ್ಕೂ ಬೇಕಾದ ಪಡೆಗಳ ಪಟ್ಟಿ, ವಿಶೇಷ ನಿಯಮ, ಸನ್ನಿವೇಶಗಳ ಪುಸ್ತಕ ಬೇರೆಯೇ. ಆಟಗಾರರು ಅದನ್ನು ಸಪ್ಲಿಮೆಂಟ್ ಎನ್ನುತ್ತಾರೆ. ರೊಡೇಷಿಯಾ (ಇಂದಿನ ಜಿಂಬಾಬ್ವೆ), ಅಂಗೋಲಾ, ಮೊಜಾಂಬಿಕ್, ನಮೀಬಿಯಾ ಹೀಗೆ ಆಫ್ರಿಕಾದ ಕುರುಚಲು ಕಾಡಿನ ಕದನಗಳಿಗೆ ಇಂಥವು ಹಲವಾರಿವೆ. ಬಂದೂಕಿನ ಪಟ್ಟಿ ಎಲ್ಲದರಲ್ಲೂ ಇರುತ್ತದೆ, ಅದನ್ನು ನೋಡಿ ಮರುಳಾಗಬೇಡಿ. ಬೇರೆ ಏನೇನು ನೋಡಬೇಕು ಎಂಬುದಕ್ಕೆ ರಾಮನಗರ ಸೀಮೆಯಲ್ಲೇ ಬೇಕಾದಷ್ಟು ಪಾಠಗಳಿವೆ.

ಮೊದಲು ಸ್ವಲ್ಪ ಲೆಕ್ಕ. 1:72 ಅಳತೆಯಲ್ಲಿ ಐದೂವರೆ ಅಡಿ ಆಳು 23 ಮಿಲಿಮೀಟರ್ ಆಗುತ್ತಾನೆ. ಅದೇ ಅಳತೆಯಲ್ಲಿ ಆರಡಿ ಮೇಜು ಅಂದರೆ 432 ಅಡಿ, ಸುಮಾರು 130 ಮೀಟರ್ ನೆಲ. ಎಕೆ-47ರ ಗುಂಡು 300 ಮೀಟರ್ ದೂರಕ್ಕೂ ಗುರಿ ಹಿಡಿದು ಹೋಗುತ್ತದೆ. ಹಾಗಾದರೆ ಆಟ ಶುರುವಾಗುವ ಮೊದಲೇ ಎಲ್ಲರೂ ಎಲ್ಲರ ಗುರಿಯೊಳಗೆ! ಕುರುಚಲು ಕಾಡಿನ ಯುದ್ಧ ಮೇಜಿಗೆ ಚೆನ್ನಾಗಿ ಒಗ್ಗುವುದು ಇದಕ್ಕೇ. ಅಲ್ಲಿ ದೂರವನ್ನು ತೀರ್ಮಾನಿಸುವುದು ಬಂದೂಕಲ್ಲ, ಕಣ್ಣು. ರಾಮದೇವರ ಬೆಟ್ಟದ ಬುಡದ ಪೊದೆಗಳಲ್ಲಿ ಹೊಕ್ಕು ನೋಡಿ, ಬಂಡೆಯ ಆಚೆ ನಿಂತ ಹಸುವೂ ಕಾಣುವುದಿಲ್ಲ. ‘ಶತ್ರು ಯಾವಾಗ ಕಣ್ಣಿಗೆ ಬೀಳುತ್ತಾನೆ’ ಎಂಬುದಕ್ಕೆ ನಿಯಮವೇ ಇಲ್ಲದ ಸಪ್ಲಿಮೆಂಟನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಮಾಗಡಿಯ ಸಾವನದುರ್ಗ ಎಂದರೆ ಸಿನಿಮಾದವರಿಗೆ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ನೆನಪಾಗುತ್ತದೆ. ಯುದ್ಧದಾಟದವರಿಗೆ ನೆನಪಾಗಬೇಕಾದ್ದು 1791ರ ಡಿಸೆಂಬರ್. ಮೂರನೇ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯ ಇಲ್ಲಿನ ಕೋಟೆಗೆ ಆ ತಿಂಗಳ 10ರಂದು ಮುತ್ತಿಗೆ ಹಾಕಿತು. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ನೆತ್ತಿ, ನಡುವೆ ಕಂದರ, ಸುತ್ತ ಬಿದಿರಿನ ದಟ್ಟ ಕಾಡು. ಬಂದ ಬಿಳಿಯರಲ್ಲಿ ಅರ್ಧ ಜನ ಜ್ವರಕ್ಕೆ, ಇನ್ನರ್ಧ ಗುಂಡಿಗೆ ಸಾಯುತ್ತಾರೆಂದು ಟಿಪ್ಪು ತನ್ನವರಿಗೆ ಹೇಳಿದ್ದನಂತೆ. ಹಾಗೆಂದು ಬರೆದಿಟ್ಟವರು ಬ್ರಿಟಿಷರೇ. ಫಿರಂಗಿಗಳನ್ನು ಬೆಟ್ಟದ ಬುಡಕ್ಕೆ ತರಲು ಕಾಡು ಕಡಿದು ದಾರಿ ಮಾಡುವುದರಲ್ಲೇ ದಿನಗಳು ಹೋದವು. 17ರಂದು ಫಿರಂಗಿ ಗುಡುಗಿತು, 21ರಂದು ಹಾಡಹಗಲೇ ಕೋಟೆ ಬಿತ್ತು. ಕೊನೆಯ ದಾಳಿ ಸುಮಾರು ಒಂದು ಗಂಟೆಯ ಕೆಲಸ.

ಆ ಒಂದು ಗಂಟೆಯನ್ನು ಮಾತ್ರ ಮೇಜಿಗೆ ತಂದರೆ ಆಟ ಸಪ್ಪೆ, ಜೊತೆಗೆ ಸುಳ್ಳು ಕೂಡ. ದಾರಿ, ಜ್ವರ, ನೀರು, ದಿನಗಳ ಎಣಿಕೆ ಇವನ್ನೆಲ್ಲ ಒಂದು ನಕಾಶೆಯ ಮೇಲೆ ಆಡಿಸಿ, ಆಮೇಲೆ ಮೇಜಿಗೆ ಕರೆತರುವ ದಂಡಯಾತ್ರೆಯ ಅಧ್ಯಾಯ ಇದೆಯೇ ಎಂದು ಪರಿವಿಡಿಯಲ್ಲಿ ಮೊದಲು ಹುಡುಕಿ. ಅಂಗೋಲಾಕ್ಕೂ ಇದೇ ಮಾತು ಸಲ್ಲುತ್ತದೆ.

ಕನಕಪುರವನ್ನು, ಆಗಿನ ಕಾನಕಾನಹಳ್ಳಿಯನ್ನು, ಶ್ರೀರಂಗಪಟ್ಟಣದ ಹಾದಿಯಲ್ಲಿ ಬ್ರಿಟಿಷರಿಗೆ ಉಪಯೋಗವಾಗದಿರಲೆಂದು ಟಿಪ್ಪುವೇ ಹಾಳುಗೆಡವಿಸಿದ್ದ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋದ ಕಾರ್ನ್‌ವಾಲಿಸ್, ಮೇವಿಲ್ಲದೆ ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ಹಸಿವಿಗೆ ಅಂಕ ಕೊಡದ ಪುಸ್ತಕದಲ್ಲಿ ಕಾರ್ನ್‌ವಾಲಿಸ್ ಆ ಮೇ ತಿಂಗಳಲ್ಲೇ ಗೆದ್ದುಬಿಡುತ್ತಾನೆ!

ಗೆರಿಲ್ಲಾ ಯುದ್ಧದ ಒಳ್ಳೆಯ ಆಟವೊಂದನ್ನು ನಮ್ಮ ಹಳ್ಳಿಯವರು ಜಗಲಿಕಲ್ಲಿನ ಮೇಲೆ ಗೀಚಿಕೊಂಡು ಆಡುತ್ತಿದ್ದರು: ಹುಲಿ-ಕುರಿ. ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ತಿನ್ನುತ್ತದೆ, ಕುರಿಗೆ ತಿನ್ನಲು ಬಾರದು. ಆದರೂ ಕುರಿ ಗೆಲ್ಲಬಹುದು, ಹುಲಿ ಅಲ್ಲಾಡದಂತೆ ಕಟ್ಟಿಹಾಕಿ. ಎರಡು ಕಡೆಗೆ ಎರಡು ಬಗೆಯ ಗೆಲುವು.

ರೊಡೇಷಿಯಾದಲ್ಲಿ ನಡೆದದ್ದೂ ಇದೇ. 1974ರಿಂದ ಅಲ್ಲಿನ ಬಿಳಿಯರ ಸರ್ಕಾರದ ಸೇನೆ ‘ಫೈರ್‌ಫೋರ್ಸ್’ ಎಂಬ ತಂತ್ರ ಬಳಸಿತು: ಗೆರಿಲ್ಲಾಗಳ ಸುಳಿವು ಸಿಕ್ಕ ಕೂಡಲೇ ಅಲುಯೆಟ್ ಹೆಲಿಕಾಪ್ಟರುಗಳು ಹಾರುತ್ತವೆ, ನಾಲ್ಕು ನಾಲ್ಕು ಜನರ ತುಕಡಿ ಇಳಿದು ಸುತ್ತುಗಟ್ಟುತ್ತದೆ, ಮೇಲೊಂದು ಹೆಲಿಕಾಪ್ಟರ್ 20 ಮಿಲಿಮೀಟರ್ ಫಿರಂಗಿ ಹಿಡಿದು ಸುತ್ತುತ್ತಿರುತ್ತದೆ. ಕಾಳಗಗಳಲ್ಲಿ ಮೇಲುಗೈ ಹೆಚ್ಚಾಗಿ ಸೇನೆಯದೇ. ಆದರೆ 1980ರ ಚುನಾವಣೆಯಲ್ಲಿ ಗೆರಿಲ್ಲಾಗಳ ನಾಯಕ ಮುಗಾಬೆಯ ಪಕ್ಷಕ್ಕೆ 100ರಲ್ಲಿ 57 ಸ್ಥಾನ ಬಂತು, ಏಪ್ರಿಲ್ 18ರಂದು ಜಿಂಬಾಬ್ವೆ ಹುಟ್ಟಿತು. ಹೆಣ ಎಣಿಸಿ ಗೆಲುವು ಹೇಳುವ ಸಪ್ಲಿಮೆಂಟ್ ಈ ಯುದ್ಧದಲ್ಲಿ ಗೆದ್ದವರನ್ನೇ ಸೋಲಿಸುತ್ತದೆ. ಇಂಥ ಪುಸ್ತಕಗಳು ಇವೆ. ಬಿಳಿಯ ಸೈನಿಕರ ನೆನಪುಗಳನ್ನಷ್ಟೇ ಓದಿ ಬರೆದಿರುತ್ತಾರೆ, ಹಳ್ಳಿಯ ಜನ ಅದರಲ್ಲಿ ಗಿಡಮರದ ಹಾಗೆ ಸುಮ್ಮನೆ ನಿಂತಿರುತ್ತಾರೆ.

ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇರುವುದು ಗೊತ್ತೇ ಇದೆ. ಅದೇ ಕಂಪನಿಯ ಹೆಸರಿನ ಯುದ್ಧವೂ ಒಂದಿದೆ! 1987ರಲ್ಲಿ ಚಾಡ್ ದೇಶದವರು ಟೊಯೋಟಾ ಪಿಕಪ್‌ಗಳ ಮೇಲೆ ಮಿಲಾನ್ ಕ್ಷಿಪಣಿ ಕಟ್ಟಿಕೊಂಡು ಲಿಬಿಯಾದ ಟ್ಯಾಂಕುಗಳನ್ನು ಓಡಿಸಿದರು, ಮಾರ್ಚ್‌ನಲ್ಲಿ ವಾದಿ ದೂಮ್ ವಾಯುನೆಲೆಯನ್ನೇ ಹಿಡಿದರು. ಜಗತ್ತು ಅದನ್ನು ಟೊಯೋಟಾ ಯುದ್ಧ ಎಂದೇ ಕರೆಯುತ್ತದೆ. (ಬಿಡದಿಯ ಗಾಡಿಗಳಲ್ಲ ಬಿಡಿ, ಅಲ್ಲಿ ತಯಾರಿಕೆ ಶುರುವಾದದ್ದು ಆಮೇಲೆ.) ಆದರೆ ಅದು ಮರುಭೂಮಿಯ ಕಾಳಗ. ‘ಆಫ್ರಿಕಾ’ ಎಂಬ ಹೆಸರು ನೋಡಿ ಕೊಂಡ ಪುಸ್ತಕದಲ್ಲಿ ಅರ್ಧ ಮರಳೇ ತುಂಬಿದ್ದರೆ ಪೊದೆಕಾಡಿನ ಆಟಕ್ಕೆ ಏನು ಪ್ರಯೋಜನ?

‘ಎಕೆ47 ರಿಪಬ್ಲಿಕ್’ ಎಂಬ ಜನಪ್ರಿಯ ನಿಯಮಪುಸ್ತಕದಲ್ಲಿ ದೇಶಗಳೇ ಕಾಲ್ಪನಿಕ. ಆಟ ಚುರುಕು, ನಗುವೂ ಬರುತ್ತದೆ. ಆದರೆ ಆಫ್ರಿಕಾ ಎಂದರೆ ಸರ್ವಾಧಿಕಾರಿಗಳ ತಮಾಷೆ ಎಂಬ ಧಾಟಿ ನನಗೆ ಹಿಡಿಸಲಿಲ್ಲ. ರಾಜಕೀಯವೂ ಬೇಕೆನ್ನುವವರು ಅಲ್ಜೀರಿಯಾದ ಮೇಲೆ 2017ರಲ್ಲಿ ಬಂದ ‘ಕಲೋನಿಯಲ್ ಟ್ವಿಲೈಟ್’ ನೋಡಬಹುದು. ಅದು ಬೊಂಬೆಗಳಿಲ್ಲದ ನಕಾಶೆಯಾಟ, ಇಬ್ಬರು ಸಾಕು. ಬೊಂಬೆಗೆ ಬಣ್ಣ ಹಚ್ಚುವವರಿಗೆ ಆಸ್ಪ್ರೇ ಪ್ರಕಾಶನದ ‘ಮಾಡರ್ನ್ ಆಫ್ರಿಕನ್ ವಾರ್ಸ್’ ಸಂಪುಟಗಳಿವೆ, ಸಮವಸ್ತ್ರದ ಗುಂಡಿಯವರೆಗೂ ಚಿತ್ರ.

  

ಇನ್ನು ಸಾಮಗ್ರಿ. ಚನ್ನಪಟ್ಟಣದ ಲೇತ್‌ನಲ್ಲಿ ಸೈನಿಕನನ್ನು ಕಡೆಯಲು ಹೋಗಬೇಡಿ, ತಿರುಗುವ ಮರ ಕೊಡುವುದು ದುಂಡು ಆಕಾರವನ್ನೇ. ಆದರೆ ಜಿಂಬಾಬ್ವೆಯ ಹಳ್ಳಿಮನೆ ದುಂಡಗೇ ಇರುತ್ತದೆ: ದುಂಡು ಗೋಡೆ, ಮೇಲೆ ಶಂಕುವಿನಂಥ ಹುಲ್ಲಿನ ಮಾಡು. ನಾಲ್ಕು ಮೀಟರ್ ಅಗಲದ ಮನೆ 1:72ರಲ್ಲಿ ಸುಮಾರು 56 ಮಿಲಿಮೀಟರ್, ಅಂದರೆ ಒಂದು ದಪ್ಪ ಬುಗುರಿಯಷ್ಟು. ಹಾಲೆಮರದಲ್ಲಿ ಕಡೆಸಿಕೊಳ್ಳುವಾಗ ಅರಗು ಹಚ್ಚಬೇಡಿ ಎಂದು ಮೊದಲೇ ಹೇಳಿ. ಅರಗು ಒತ್ತಿ ತಾಳೆಗರಿಯಲ್ಲಿ ಉಜ್ಜಿದ ಮೇಲೆ ಬರುವ ಆ ಹೊಳಪು ಗಿಲಕಿಗೆ ಚೆಂದ, ಹುಲ್ಲು ಮಾಡಿಗೆ ಒಪ್ಪುವುದಿಲ್ಲ. ಅದರ ಮೇಲೆ ನಿಮ್ಮ ಬಣ್ಣವೂ ಸರಿಯಾಗಿ ಕೂರುವುದಿಲ್ಲ.