ದಸರೆಯ ಸೂಟಿಯೂ ನಮ್ಮ ನೆರೆಯ ನಾಡೂ

ದಸರೆಯ ಸೂಟಿ ಸಮೀಪಿಸಿದೊಡನೆ ಹುಬ್ಬಳ್ಳಿ-ಧಾರವಾಡದ ಅನುಕೂಲಸ್ಥರ ಮನೆಗಳಲ್ಲಿ ಪ್ರವಾಸದ ಚರ್ಚೆ ಮೊದಲಾಗುತ್ತದೆ. ಒಬ್ಬರು ಊಟಿಯೆನ್ನುವರು, ಇನ್ನೊಬ್ಬರು ಸಿಮ್ಲಾ ಎನ್ನುವರು, ಕೈಯಲ್ಲಿ ಹಣವಾಡುವವರು ಸಿಂಗಾಪುರಕ್ಕೆ ವಿಮಾನದ ಟಿಕೀಟು ತೆಗೆಸುವರು. ಲಕ್ಕುಂಡಿಯ ಹೆಸರು ಮಾತ್ರ ಯಾರ ಬಾಯಿಂದಲೂ ಹೊರಡುವುದು ಅಪರೂಪ. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಸೂಟಿಯ ಮೊದಲ ಉದ್ದೇಶವು ವಿಶ್ರಾಂತಿ. ದೂರ ಪ್ರವಾಸದಲ್ಲಿ ಆಗುವುದೇನು? ನಾಲ್ಕು ದಿನಗಳ ಬಿಡುವಿನಲ್ಲಿ ಎರಡು ದಿನಗಳು ದಾರಿಗೇ ಸಲ್ಲುತ್ತವೆ. ವೃದ್ಧರು ಮನೆಯಲ್ಲುಳಿಯುವರು, ಮಕ್ಕಳು ಬಳಲುವರು, ಸಾಲ ತೆಗೆದು ಹೊರಟವನಿಗೆ ಮರಳಿದ ಮೇಲೆ ಕಂತುಗಳ ಚಿಂತೆ ಕಾದಿರುತ್ತದೆ. ನೆರೆಯ ಪ್ರವಾಸಕ್ಕೆ ಈ ಯಾವ ತೊಡಕೂ ಇಲ್ಲ. ಬೆಳಿಗ್ಗೆ ರೊಟ್ಟಿ-ಚಟ್ನಿಯ ಗಂಟು ಕಟ್ಟಿಕೊಂಡು ಹೊರಟರೆ ರಾತ್ರಿ ಸ್ವಗೃಹದಲ್ಲಿ ನಿದ್ರಿಸಬಹುದು. ಅಜ್ಜಿಯೂ ಬರಬಹುದು, ಮೊಮ್ಮಗುವೂ ಬರಬಹುದು. 2023ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ನಾಡಿನ ಸ್ತ್ರೀಯರಿಗೆ ಉಚಿತ ಪ್ರಯಾಣದ ಸೌಕರ್ಯವನ್ನು ಒದಗಿಸಿದ ಮೇಲಂತೂ ಬಡ ಕುಟುಂಬಗಳಿಗೂ ಇದು ನಿಲುಕದ ಮಾತಲ್ಲ.

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲುದಾರಿಯನ್ನೇ ನೋಡಿರಿ. ನಡುವೆ ಆದಿಕವಿ ಪಂಪನ ನೆನಪಿಗೆ ಸೇರಿದ ಅಣ್ಣಿಗೇರಿ, ಅಲ್ಲಿ ಅಮೃತೇಶ್ವರನ ಗುಡಿ. ಗದಗಿನಲ್ಲಿ ತ್ರಿಕೂಟೇಶ್ವರ, ಕುಮಾರವ್ಯಾಸನು ಭಾರತವನ್ನು ರಚಿಸಿದನೆಂದು ಜನ ನಂಬಿರುವ ವೀರನಾರಾಯಣನ ಸನ್ನಿಧಿ. ಅಲ್ಲಿಂದ ಸುಮಾರು 12 ಕಿಲೋಮೀಟರು ನಡೆದರೆ ಲಕ್ಕುಂಡಿ. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಬಸದಿ ಇಲ್ಲಿದೆ. ಆಕೆಯ 1007ರ ಶಾಸನವೂ ಇದೇ ಊರಿನದು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಹಸ್ರ ಪ್ರತಿ! ಪುಸ್ತಕ ಕೊಳ್ಳಲು ಹಿಂದೆಗೆಯುವ ನಾವು ಆ ತಾಯಿಯ ಮುಂದೆ ಒಮ್ಮೆಯಾದರೂ ನಿಲ್ಲಬೇಡವೆ?

ಬಾದಾಮಿ-ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. ಲಕ್ಕುಂಡಿಯ ಶಿಲ್ಪಿಗಳಾದರೋ ಉಳಿಗೆ ಮೃದುವಾಗಿ ಒಗ್ಗುವ ಬಳಪದ ಕಲ್ಲನ್ನು ಆಯ್ದುಕೊಂಡರು. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲುವಾಡದ ನಯಗೆಲಸವು ಸಾಧ್ಯವಾದದ್ದು ಇದರಿಂದ. ಮುಂದೆ ಬೇಲೂರು-ಹಳೆಯಬೀಡುಗಳಲ್ಲಿ ಹೊಯ್ಸಳರ ಶಿಲ್ಪಿಗಳು ಹಿಡಿದ ದಾರಿಯೂ ಇದೇ. ಮಾಣಿಕೇಶ್ವರನೆದುರಿನ ಮುಸುಕಿನ ಬಾವಿಯ ಮೆಟ್ಟಿಲಿಳಿದ ಬಾಲಕನು ಇತಿಹಾಸವನ್ನು ಕಂಠಪಾಠ ಮಾಡಬೇಕಾಗಿಲ್ಲ. ಅದು ಅವನ ಕಾಲಡಿಯಲ್ಲಿಯೇ ಇರುವುದು.

ಇಂಥ ಪ್ರವಾಸದ ಫಲ ಅಲ್ಪವೆಂದು ಬಗೆಯಬಾರದು. 1905ರಲ್ಲಿ ಆಲೂರ ವೆಂಕಟರಾಯರು ಹಂಪೆಯ ಹಾಳುಗಳ ನಡುವೆ ನಿಂತಾಗ ಅವರಲ್ಲಿ ಎಚ್ಚತ್ತ ನಾಡಭಾವನೆಯೇ 1917ರ ‘ಕರ್ನಾಟಕ ಗತವೈಭವ’ವಾಗಿ ಮೂಡಿತು, ಏಕೀಕರಣದ ಹಂಬಲವನ್ನು ಮನೆಮನೆಗೆ ಮುಟ್ಟಿಸಿತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದುದಕ್ಕೆ ಕಾರಣಗಳು ಹಲವಿದ್ದರೂ, ಆ ಒಂದು ಸಮೀಪಯಾತ್ರೆಯನ್ನು ಮರೆಯಲಾಗದು. ಇದಕ್ಕೆ ವಿರುದ್ಧವಾಗಿ, ಕಂಡರಿಯದ ವಸ್ತುವಿಗೆ ಕಾವಲಿಲ್ಲ. ಗುಡಿಯ ಕಂಬಕ್ಕೆ ದನ ಕಟ್ಟಿದವರೂ, ವೀರಗಲ್ಲನ್ನು ಅರಿವೆ ಒಗೆಯುವ ಕಲ್ಲಾಗಿಸಿದವರೂ ದ್ವೇಷದಿಂದ ಹಾಗೆ ಮಾಡಿದವರಲ್ಲ. ಅದರ ಬೆಲೆಯನ್ನು ಅವರಿಗೆ ಹೇಳಿದವರಿರಲಿಲ್ಲ.

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿಲ್ಲವೇ, ನೀವು ನಮ್ಮನ್ನು ಕೂಪಮಂಡೂಕರಾಗಿಸುವಿರಾ ಎಂದು ಕೆಲವರು ಕೇಳಬಹುದು. ಕಾಶಿಗೂ ಕಾಶ್ಮೀರಕ್ಕೂ ಅವಶ್ಯ ಹೋಗಿರಿ. ಆದರೆ ಅಲ್ಲಿಯವರು ‘ನಿಮ್ಮ ನಾಡಿನಲ್ಲೇನಿದೆ?’ ಎಂದು ಕೇಳಿದರೆ ತಲೆ ತಗ್ಗಿಸುವ ಪ್ರಸಂಗ ಬಾರದಿರಲಿ.

ನೆರೆಯೂರಿನ ಖಾನಾವಳಿಯಲ್ಲಿ ಕೊಟ್ಟ ಊಟದ ಹಣ ನಮ್ಮ ರೈತನ ಜೋಳಕ್ಕೆ ಬೆಲೆಯಾಗುತ್ತದೆ. ಪ್ರವಾಸಿಗರು ಹೆಚ್ಚಿದರೆ ಕುಡಿಯುವ ನೀರು, ಶೌಚಗೃಹ, ಸುಲಭ ಕನ್ನಡದ ವಿವರಫಲಕಗಳಿಗಾಗಿ ಅಧಿಕಾರಿಗಳನ್ನು ಒತ್ತಾಯಿಸುವ ಧ್ವನಿಯೂ ಬಲಿಯುತ್ತದೆ. ಆದಕಾರಣ ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಈ ಸೂಟಿಯಲ್ಲಿ ಒಂದು ದಿನವನ್ನಾದರೂ ನೆರೆಯ ನಾಡಿಗೆ ಮೀಸಲಿಡಿರಿ, ಮಕ್ಕಳನ್ನು ಕರೆದೊಯ್ದು, ಒಂದು ಶಾಸನದ ಅರ್ಥವನ್ನಾದರೂ ತಿಳಿಸಿ ಮರಳಿರಿ.