ನಿಧಾನಕ್ಕೆ ಬಿದ್ದ ಬೈಕು

ಪ್ರಶ್ನೆ: ಹೊಸದಾಗಿ ಬೈಕ್ ಕಲಿಯುತ್ತಿದ್ದೇನೆ. ಯೂ-ಟರ್ನ್ ಮಾಡುವಾಗ ಬಿದ್ದು ಕ್ಲಚ್ ಲಿವರ್ ಬಾಗಿದೆ, ಹ್ಯಾಂಡಲ್ ಓರೆಯಾಗಿದೆ. ನಾನೇ ಸರಿಪಡಿಸಬಹುದೇ?

ಉತ್ತರ: ಲಿವರನ್ನು ಬಗ್ಗಿಸಿ ನೇರ ಮಾಡಲು ಹೋಗಬೇಡಿ. ಅದು ಅಲ್ಯೂಮಿನಿಯಂ, ಕಣ್ಣಿಗೆ ಕಾಣದಂತೆ ಬಿರುಕು ಬಿಟ್ಟು, ಮುಂದೊಂದು ದಿನ ಟ್ರಾಫಿಕ್ಕಿನ ನಡುವೆ ಕೈಯಲ್ಲೇ ಮುರಿಯಬಹುದು. ಹೊಸದನ್ನೇ ಹಾಕಿಸಿ. ಮುಂದಿನ ಬ್ರೇಕಿನ ಲಿವರಾದರಂತೂ ಬದಲಿಸದೆ ಬೈಕ್ ಏರಲೇಬೇಡಿ. ಉಕ್ಕಿನ ಗೇರ್ ಪೆಡಲ್ ಬಾಗಿದ್ದರೆ ಮೆಕ್ಯಾನಿಕ್ ನೇರ ಮಾಡಿಕೊಡುತ್ತಾರೆ. ಇಂಥ ಬೀಳುವಿಕೆಯಲ್ಲಿ ಹ್ಯಾಂಡಲ್ ಓರೆಯಾಗಲು ಹೆಚ್ಚಾಗಿ ಕಾರಣ, ಮುಂದಿನ ಫೋರ್ಕ್ ಕೊಳವೆಗಳು ಕ್ಲ್ಯಾಂಪಿನೊಳಗೆ ತುಸು ತಿರುಚಿಕೊಂಡಿರುವುದು. ಬೋಲ್ಟ್ ಸಡಿಲಿಸಿ ಚಕ್ರಕ್ಕೆ ಸರಿಹೊಂದಿಸಿದರೆ ಸಾಕು. ಆದರೆ ಆ ಕೆಲಸ ಗ್ಯಾರೇಜಿನದು. ಗೀರುಗಳ ಚಿಂತೆ ಬಿಡಿ. ಅಷ್ಟಕ್ಕೇ ವಿಮೆ ಕೇಳಿದರೆ ನೋ ಕ್ಲೈಮ್ ಬೋನಸ್ ಹೋಗುತ್ತದೆ. ಒಂದು ವರ್ಷ ಕ್ಲೈಮ್ ಇಲ್ಲದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗುವ ಆ ರಿಯಾಯಿತಿ ಶೇ. 20.