ಕಸಿ ಮಾಡಿಸಿಕೊಂಡವರ ರಕ್ತದಲ್ಲಿ ಔಷಧಿ ಎಷ್ಟಿರಬೇಕು?

ಆರೋಗ್ಯದ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಮತ್ತೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಬರೆಯುವುದಕ್ಕಿಂತ ನಮ್ಮವರದೇ ಒಂದು ಮನೆಯಲ್ಲಿ ನಡೆದ ಪ್ರಸಂಗವನ್ನು ಹೇಳೋಣ ಎನಿಸಿತು. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ.

ಸ್ಯಾನ್ ಡಿಯೇಗೋದಲ್ಲಿರುವ ನಮ್ಮ ಹಿರಿಯ ಮಿತ್ರರೊಬ್ಬರಿಗೆ ಮೂತ್ರಪಿಂಡದ ಕಸಿಯಾಗಿದೆ. ಕಿಡ್ನಿ ಕೊಟ್ಟವರು ಅವರ ಶ್ರೀಮತಿಯವರೇ. ಒಂದು ಭಾನುವಾರ ಬೆಳಿಗ್ಗೆ ಆಕೆ ಲಾಸ್ ಏಂಜಲೀಸ್‌ನ ನಮ್ಮ ಮನೆಗೆ ಫೋನ್ ಮಾಡಿದರು.

"ಡಾಕ್ಟ್ರೇ, ಇವರ ಟ್ಯಾಕ್ರೋಲಿಮಸ್ ಲೆವೆಲ್ 6 ಇದ್ದದ್ದು 3.8ಕ್ಕೆ ಇಳಿದಿದೆ. ನನಗೆ ಭಯವಾಗಿ ನಾಲ್ಕು ದಿನದಿಂದ ಒಂದು ಕ್ಯಾಪ್ಸೂಲ್ ಜಾಸ್ತಿ ಕೊಡ್ತಿದೀನಿ. ಈಗ ಇವರ ಕೈ ನಡುಗ್ತಾ ಇದೆ, ಕಾಫಿ ಲೋಟ ಹಿಡಿಯೋಕೂ ಆಗ್ತಿಲ್ಲ."

"ಅಕ್ಕಾ, ಅದೇ ರಿಪೋರ್ಟಿನಲ್ಲಿ ಹೆಮಟೋಕ್ರಿಟ್ ಎಷ್ಟಿದೆ ನೋಡಿ" ಎಂದೆ. 24 ಇತ್ತು, ಹಿಂದಿನ ಸಲ 36. ನನಗೆ ಅನುಮಾನ ಬಂದದ್ದು ಅಲ್ಲೇ. ಹೆಚ್ಚಿನ ಮಾತ್ರೆ ಕೊಡಬೇಡಿ, ಈಗಲೇ ಕಸಿ ತಂಡಕ್ಕೆ ಫೋನ್ ಮಾಡಿ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ ಎಂದೆ.

ಏನು ಆ ಅನುಮಾನ? ಬೇರೆಯವರ ಅಂಗವನ್ನು ನಮ್ಮ ದೇಹ ತನ್ನದೆಂದು ಒಪ್ಪುವುದಿಲ್ಲ. 1964ರಲ್ಲಿ ನಮ್ಮ ಯುಸಿಎಲ್‌ಎಯಲ್ಲಿ ಪಾಲ್ ಟೆರಾಸಾಕಿ ಅವರು ಒಂದೇ ಒಂದು ಸೂಕ್ಷ್ಮ ಹನಿ ಸೀರಮ್‌ನಲ್ಲಿ ದಾನಿ ಮತ್ತು ರೋಗಿಯ ಹೊಂದಾಣಿಕೆಯನ್ನು ನೋಡುವ ಪರೀಕ್ಷೆಯನ್ನು ರೂಪಿಸಿದರು. ಆದರೆ ಹೊಂದಾಣಿಕೆ ಎಷ್ಟೇ ಚೆನ್ನಾಗಿದ್ದರೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಸಾಮಾನ್ಯವಾಗಿ ಜೀವನಪೂರ್ತಿ ಬೇಕು. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಬಂದ ಸೈಕ್ಲೋಸ್ಪೋರಿನ್‌ಗೆ ಅಮೆರಿಕದಲ್ಲಿ 1983ರಲ್ಲಿ ಮಂಜೂರಾತಿ ಸಿಕ್ಕಿತು. ಜಪಾನಿನ ತ್ಸುಕುಬಾದ ಮಣ್ಣಿನಲ್ಲಿ 1984ರಲ್ಲಿ ಸಿಕ್ಕಿದ ಟ್ಯಾಕ್ರೋಲಿಮಸ್‌ಗೆ 1994ರಲ್ಲಿ. ಔಷಧಿ ಕಡಿಮೆಯಾದರೆ ಅಂಗ ಹೋಗುತ್ತದೆ. ಹೆಚ್ಚಾದರೆ ಕೈ ನಡುಕ, ಸೋಂಕು, ಕೊನೆಗೆ ಕಾಪಾಡಬೇಕಾದ ಕಿಡ್ನಿಗೇ ಪೆಟ್ಟು. ಅತಿಯಾದರೆ ಅಮೃತವೂ ವಿಷ.

ಅದಕ್ಕೇ ಆಗಾಗ ರಕ್ತದಲ್ಲಿ ಔಷಧಿಯ ಮಟ್ಟವನ್ನು ಅಳೆಯುತ್ತಾರೆ. ಆದರೆ ಅಳೆಯುವುದು ಪೂರ್ಣ ರಕ್ತದಲ್ಲಿ. ಟ್ಯಾಕ್ರೋಲಿಮಸ್‌ನ ಬಹುಪಾಲು ಕೆಂಪು ರಕ್ತಕಣಗಳ ಒಳಗೆ ಸೇರಿಕೊಂಡಿರುತ್ತದೆ. ಪ್ಲಾಸ್ಮಾದಲ್ಲಿ ಉಳಿದ ಸ್ವಲ್ಪದಲ್ಲೂ ಸುಮಾರು 99 ಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಯಾವುದಕ್ಕೂ ಅಂಟದೆ ಬಿಡಿಯಾಗಿ ಓಡಾಡುವ ಔಷಧಿ, ಒಟ್ಟು ಮೊತ್ತದ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಜೀವಕೋಶದೊಳಗೆ ಹೊಕ್ಕು ಕೆಲಸ ಮಾಡುವುದು ಈ ಬಿಡಿ ಪಾಲು ಮಾತ್ರ.

ಬೆಂಗಳೂರಿನ ಸಿಟಿ ಬಸ್ಸನ್ನು ನೆನಪಿಸಿಕೊಳ್ಳಿ. ಬಸ್ಸಿನೊಳಗೆ ಕುಳಿತವರು ಗಾಂಧಿ ಬಜಾರಿನಲ್ಲಿ ವ್ಯಾಪಾರ ಮಾಡಲಾರರು. ಇಳಿದವರು ಮಾತ್ರ ಮಾಡುತ್ತಾರೆ. ನಮ್ಮ ಪರೀಕ್ಷೆ ಬಸ್ಸಿನಲ್ಲಿದ್ದವರನ್ನೂ ಬೀದಿಯಲ್ಲಿದ್ದವರನ್ನೂ ಒಟ್ಟಿಗೆ ಎಣಿಸುತ್ತದೆ. ಬಸ್ಸುಗಳೇ ಕಡಿಮೆಯಾದರೆ ಒಟ್ಟು ತಲೆ ಎಣಿಕೆ ಇಳಿಯುತ್ತದೆ, ಬಜಾರಿನಲ್ಲಿ ಇರುವವರು ಮಾತ್ರ ಅಷ್ಟೇ ಇರಬಹುದು. ನಮ್ಮ ಮಿತ್ರರಿಗೆ ಆದದ್ದು ಇದೇ. ರಕ್ತಹೀನತೆಯಿಂದ ಕೆಂಪು ಕಣಗಳು ಕಡಿಮೆಯಾಗಿದ್ದವು. ಯಕೃತ್ತು ಹೊರಹಾಕುವುದೂ ಬಿಡಿ ಪಾಲನ್ನೇ ಆದ್ದರಿಂದ ಅದು ಹೆಚ್ಚು ಬದಲಾಗಿರಲಿಲ್ಲ. ಅದರ ಮೇಲೆ ಇನ್ನೊಂದು ಕ್ಯಾಪ್ಸೂಲ್ ಕೊಟ್ಟಾಗ ಕೈ ನಡುಗಿತು.

ಗರ್ಭಿಣಿಯರಲ್ಲೂ ಹೀಗೆಯೇ ಆಗುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಇದನ್ನು ವಿವರಿಸಿದರು: ಬಸಿರಿನಲ್ಲಿ ಕೆಂಪು ಕಣ, ಆಲ್ಬುಮಿನ್ ಎರಡೂ ತಗ್ಗುವುದರಿಂದ, ಪೂರ್ಣ ರಕ್ತದ ಅಂಕಿಯನ್ನು ಹಿಂದಿನಷ್ಟೇ ಇಡಲು ಹೋದರೆ ಬಿಡಿ ಔಷಧಿ ಹೆಚ್ಚಾಗಬಹುದು. ಕಸಿಯಲ್ಲಿ ಕೊಡುವ ಇನ್ನೊಂದು ಔಷಧಿ ಮೈಕೋಫಿನೋಲಿಕ್ ಆಮ್ಲ. ಅದು ಸುಮಾರು 97 ಪಾಲು ಆಲ್ಬುಮಿನ್‌ಗೆ ಅಂಟಿರುವುದರಿಂದ, ಆಲ್ಬುಮಿನ್ ಇಳಿದಾಗ ಅದರ ಅಂಕಿಯೂ ದಾರಿ ತಪ್ಪಿಸಬಲ್ಲದು.

ಹಾಗಾದರೆ ಬಿಡಿ ಔಷಧಿಯನ್ನೇ ಏಕೆ ಅಳೆಯಬಾರದು? ಥೈರಾಯ್ಡ್ ಇರುವವರ ವರದಿಯಲ್ಲಿ 'ಫ್ರೀ ಟಿ4' ಎಂದು ನೋಡಿರುತ್ತೀರಿ. ಅದು ಬಿಡಿ ಹಾರ್ಮೋನಿನ ಅಳತೆಯೇ. ಟ್ಯಾಕ್ರೋಲಿಮಸ್‌ನಲ್ಲಿ ಇದು ಬಹಳ ಕಷ್ಟ. ಒಂದು ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ, ಅಂದರೆ ಗ್ರಾಮಿನ ಲಕ್ಷ ಕೋಟಿಯ ಕೆಲವು ಭಾಗ. ಪ್ಲಾಸ್ಮಾವನ್ನು ಬೇರ್ಪಡಿಸುವಾಗ ಉಷ್ಣಾಂಶ ಬದಲಾದರೂ ಲೆಕ್ಕ ತಪ್ಪುತ್ತದೆ. ಸೋಸುವ ಪ್ಲಾಸ್ಟಿಕ್ಕಿಗೂ ಔಷಧಿ ಅಂಟಿಕೊಳ್ಳುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಿಂದ ಅಳೆಯಲು ಸಾಧ್ಯವಿದ್ದರೂ ಇದಿನ್ನೂ ಸಂಶೋಧನೆಯ ಮಟ್ಟದಲ್ಲಿದೆ, ಆಸ್ಪತ್ರೆಗಳ ದಿನನಿತ್ಯದ ಪರೀಕ್ಷೆಯಾಗಿಲ್ಲ. ಅಲ್ಲಿಯವರೆಗೆ ಅಂಕಿಯ ಜೊತೆಗೆ ಹೆಮಟೋಕ್ರಿಟ್, ಆಲ್ಬುಮಿನ್, ಕ್ರಿಯಾಟಿನಿನ್, ಎಲ್ಲಕ್ಕಿಂತ ಹೆಚ್ಚಾಗಿ ರೋಗಿಯನ್ನು ನೋಡಿ ತೀರ್ಮಾನಿಸಬೇಕು.

ಮನೆಯಲ್ಲಿ ಇಂಥವರಿದ್ದರೆ ಕೆಲವು ಮಾತು ನೆನಪಿಡಿ. ರಕ್ತ ಕೊಡುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಹಿತ್ತಿಲಲ್ಲಿ ಗ್ರೇಪ್‌ಫ್ರೂಟ್ ಎಷ್ಟೇ ಬಿಟ್ಟಿದ್ದರೂ ಮುಟ್ಟಬೇಡಿ. ಊರಿಗೆ ಹೋದಾಗ ದೇವನಹಳ್ಳಿಯ ಚಕ್ಕೋತವೂ ಬೇಡ, ಎರಡೂ ಔಷಧಿಯ ಮಟ್ಟವನ್ನು ಏರಿಸುತ್ತವೆ. ಭೇದಿಯಾದರೆ ಕೂಡಲೇ ತಿಳಿಸಿ, ಆಗಲೂ ಮಟ್ಟ ಏರಬಹುದು. ಅಲ್ಲಿನ ಲ್ಯಾಬಿನ ಅಂಕಿಗೂ ಇಲ್ಲಿನದಕ್ಕೂ ಪರೀಕ್ಷಾ ವಿಧಾನದಿಂದಲೇ ವ್ಯತ್ಯಾಸ ಬರಬಹುದು, ಹೋಲಿಸಿ ಗಾಬರಿಯಾಗಬೇಡಿ. ಮುಖ್ಯವಾಗಿ, ಅಂಕಿ ನೋಡಿ ನೀವೇ ಮಾತ್ರೆಯನ್ನು ಏರಿಸಬೇಡಿ, ಇಳಿಸಬೇಡಿ. ಕೆಲವೊಮ್ಮೆ ಕಡಿಮೆ ಅಂಕಿ ನಿಜವಾದ ಅಪಾಯವೇ ಆಗಿರುತ್ತದೆ. ಯಾವುದು ಯಾವಾಗ ಎಂದು ಹೇಳಬೇಕಾದದ್ದು ಕಸಿ ತಂಡ.

ನಮ್ಮ ಮಿತ್ರರ ತಂಡ ಹಳೆಯ ಪ್ರಮಾಣವನ್ನೇ ಮುಂದುವರಿಸಿ ರಕ್ತಹೀನತೆಗೆ ಚಿಕಿತ್ಸೆ ಕೊಟ್ಟಿತು. ಕೆಲವು ವಾರಗಳಲ್ಲಿ ಹೆಮಟೋಕ್ರಿಟ್ ಏರಿತು; ಮಾತ್ರೆ ಅಷ್ಟೇ ಇದ್ದರೂ ಅಂಕಿ 5.7ಕ್ಕೆ ಬಂತು. ಕೈ ನಡುಕವೂ ನಿಂತಿತು. "ಕಿಡ್ನಿ ಕೊಟ್ಟವಳು ನಾನು, ನಾನೇ ಅದಕ್ಕೆ ತೊಂದರೆ ಮಾಡ್ತಿದ್ನಲ್ಲ" ಎಂದು ಆಕೆ ಅತ್ತರು. ಪ್ರೀತಿಯಿಂದ ಮಾಡಿದ್ದು, ಇನ್ನು ಮುಂದೆ ಕೇಳಿ ಮಾಡಿ ಎಂದೆ.

ಈ ಸಲದ ಹಬ್ಬಕ್ಕೆ ದಂಪತಿಗಳಿಬ್ಬರೂ ಐ-5 ಹಿಡಿದು ಸ್ಯಾನ್ ಡಿಯೇಗೋದಿಂದ ಬರುತ್ತಿದ್ದಾರೆ. ಊಟದ ಸಾಲಿನಲ್ಲಿ ಭೇಟಿಯಾಗೋಣ.